ಬೀಡಿಯ ಪಾಸ್‌ಬುಕ್ಕು ಮತ್ತು ಆನ್‌ಲೈನ್ ಕೆಲಸದ ರೇಟಿಂಗ್

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)

ಮಾನ್ಯ ಅಧ್ಯಕ್ಷರೇ, ಟ್ರಸ್ಟಿನ ಪದಾಧಿಕಾರಿಗಳೇ, ಊರಿನಿಂದಲೂ ಗಲ್ಫಿನಿಂದಲೂ ತಪ್ಪದೆ ನೆರವು ಕಳಿಸುತ್ತಿರುವ ದಾನಿಗಳೇ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಿಂದ ಬಂದಿರುವ ತಾಯಂದಿರೇ, ತಂದೆಯರೇ, ಇಂದಿನ ಸಭೆಯ ಮುಖ್ಯ ಅತಿಥಿಗಳಾದ ವಿದ್ಯಾರ್ಥಿಗಳೇ,

ವಿದ್ಯಾರ್ಥಿವೇತನದ ಅರ್ಜಿಗಳನ್ನು ಓದುವ ಕೆಲಸ ನಿವೃತ್ತಿಯ ನಂತರ ನಮ್ಮ ಪಾಲಿಗೆ ಬಂದಿದೆ. ಅರ್ಜಿಯಲ್ಲಿ ಒಂದು ಸಾಲು ಇದೆ: ಲ್ಯಾಪ್‌ಟಾಪ್ ನೆರವು ಬೇಕಿದ್ದರೆ ಯಾವ ಉದ್ದೇಶಕ್ಕೆ? ಮೊದಲು ಈ ಸಾಲಿಗೆ ‘ಪ್ರಾಜೆಕ್ಟ್ ಕೆಲಸಕ್ಕೆ’, ‘ಆನ್‌ಲೈನ್ ತರಗತಿಗೆ’ ಎಂಬ ಉತ್ತರ ಬರುತ್ತಿತ್ತು. ಈಗ ‘ಆನ್‌ಲೈನ್ ಕೆಲಸ ಮಾಡಿ ಸಂಪಾದಿಸಲು’ ಎಂದು ಬರೆಯುವವರು ಹೆಚ್ಚುತ್ತಿದ್ದಾರೆ. ತಾಯಂದಿರು ನಮ್ಮನ್ನು ಬದಿಗೆ ಕರೆದು ಕೇಳುತ್ತಾರೆ: “ಸಾರ್, ಮಗಳು ಮನೆಯಲ್ಲೇ ಕೂತು ದುಡಿಯುತ್ತೇನೆ ಎನ್ನುತ್ತಾಳೆ. ಇದು ಸರಿಯಾದ ಕೆಲಸವಾ, ಮೋಸವಾ?” ದಾನಿಗಳು ಇನ್ನೊಂದು ಕೇಳುತ್ತಾರೆ: “ಮಾಷ್ಟ್ರೇ, ಲ್ಯಾಪ್‌ಟಾಪ್ ಕೊಟ್ಟರೆ ಓದು ಬಿಟ್ಟು ಸಂಪಾದನೆಗೆ ಇಳಿಯುವುದಿಲ್ಲವೇ?” ಈ ಎರಡು ಪ್ರಶ್ನೆಗಳಿಗೆ ನಮಗೆ ತಿಳಿದ ಮಟ್ಟಿಗೆ ಉತ್ತರ ಹೇಳಬೇಕೆಂದು ಸಮಿತಿ ಈ ಸಲ ಈ ವಿಷಯವನ್ನೇ ಆರಿಸಿಕೊಂಡಿದೆ.

ವಿಷಯ ಹೊಸದು ಎಂದು ಯಾರೂ ಹೆದರಬೇಕಾಗಿಲ್ಲ. ಕೆಲಸ ಕೊಡುವವನ ಮುಖ ನೋಡದೆ, ಮನೆಯಲ್ಲಿ ಕುಳಿತು, ತುಂಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ದುಡಿಯುವುದು ನಮ್ಮ ಮೂರು ತಾಲೂಕುಗಳಿಗೆ ಹೊಸದಲ್ಲ. ಪಾಣೆಮಂಗಳೂರು, ವಿಟ್ಲದಿಂದ ಹಿಡಿದು ತೋಡಾರು, ಪುತ್ತಿಗೆ, ಉಜಿರೆ, ಚಾರ್ಮಾಡಿಯವರೆಗೆ ಎಷ್ಟೋ ಮನೆಗಳ ಜಗಲಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರಿದ್ದಾರೆ. ಬ್ಯಾರಿ ಮನೆಯ ಉಮ್ಮನೂ ಕಟ್ಟಿದ್ದಾರೆ, ಪಕ್ಕದ ಮನೆಯ ಅಕ್ಕನೂ ಕಟ್ಟಿದ್ದಾರೆ. ನಾವು ಪಾಠ ಹೇಳಿದ ಮಕ್ಕಳಲ್ಲಿ ಬೀಡಿಯ ದುಡ್ಡಿನಲ್ಲಿ ಪುಸ್ತಕ ಕೊಂಡವರು ಬಹಳ ಮಂದಿ. ಆ ಕೆಲಸದ ಒಳಹೊರಗು ತಿಳಿದವರಿಗೆ ಆನ್‌ಲೈನ್ ಕೆಲಸವನ್ನು ಅರ್ಥಮಾಡಿಕೊಳ್ಳುವುದು ಸುಲಭ. ಆದ್ದರಿಂದ ಮೊದಲು ಬೀಡಿಯ ಮಾತು.

ಬೀಡಿ ಬ್ರಾಂಚಿನಿಂದ ಎಲೆಯನ್ನೂ ಹೊಗೆಸೊಪ್ಪನ್ನೂ ತೂಕ ಮಾಡಿ ಕೊಡುತ್ತಾರೆ. ಕಟ್ಟಿ ಒಯ್ದರೆ ಸಾವಿರಕ್ಕೆ ಇಷ್ಟು ಎಂದು ಮಜೂರಿ. ಎಲೆ ನೆನೆಸುವುದು, ಕತ್ತರಿಸುವುದು, ಕಟ್ಟು ಮಾಡುವುದು, ಬ್ರಾಂಚಿಗೆ ನಡೆದುಹೋಗಿ ಸರತಿಯಲ್ಲಿ ಕಾಯುವುದು, ಇವುಗಳಿಗೆ ಬೇರೆ ಲೆಕ್ಕವಿಲ್ಲ. ಶಾಲೆಯಿಂದ ಬಂದ ಮಗು ಎಲೆ ಕತ್ತರಿಸಿಕೊಟ್ಟರೆ ಅದರ ಹೆಸರು ಎಲ್ಲಿಯೂ ಬರುವುದಿಲ್ಲ. ಎಲೆ ಕೆಟ್ಟದಿದ್ದು ಬೀಡಿಯ ಲೆಕ್ಕ ಕಡಿಮೆ ಬಿದ್ದರೆ ಕೊರತೆಯ ಎಲೆಯನ್ನು ಕೈಯಿಂದ ದುಡ್ಡು ಹಾಕಿ ಕೊಂಡದ್ದೂ ಇದೆ. ಒಯ್ದ ಬೀಡಿಯಲ್ಲಿ ಕೆಲವನ್ನು ಸರಿಯಿಲ್ಲವೆಂದು ಬದಿಗಿಟ್ಟರೆ ಅದಕ್ಕೆ ಮಜೂರಿ ಇಲ್ಲ, ಬೀಡಿ ವಾಪಸೂ ಇಲ್ಲ. ಇಷ್ಟಾದ ಮೇಲೆ ಮನೆಯವರು ಹೇಳುತ್ತಿದ್ದದ್ದು, “ಅವಳೇನು, ಮನೆಯಲ್ಲೇ ಇದ್ದಾಳಲ್ಲ.”

ಈ ಕೆಲಸ ಇವತ್ತಿಗೂ ಸುಖದ ಕೆಲಸವಲ್ಲ. ಹೊಗೆಸೊಪ್ಪಿನ ಧೂಳು ಆರೋಗ್ಯಕ್ಕೆ ಕೆಡುಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದೇ ಕೆಲಸದಲ್ಲಿ ಒಂದು ಭದ್ರತೆ ಬಂತು, ಅದು ತಾನಾಗಿ ಬರಲಿಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದಾಗ ಮಾಲಕರು ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ತೀರ್ಪು ಇಂದಿಗೂ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣ ಎಂಬ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ಬೀಡಿಯನ್ನು ತಿರಸ್ಕರಿಸಿದ ಬಗ್ಗೆ ತಕರಾರು ಬಂದರೆ ಅದನ್ನು ಬೇಗ ಇತ್ಯರ್ಥ ಮಾಡಲು ಒಬ್ಬ ಅಧಿಕಾರಿ ಇರಬೇಕೆಂದು ಆ ಕಾಯ್ದೆಯಲ್ಲಿ ಬರೆದಿತ್ತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂತು. 1977ರಲ್ಲಿ ಭವಿಷ್ಯ ನಿಧಿ ಬೀಡಿ ಉದ್ಯಮಕ್ಕೂ ಅನ್ವಯವಾಯಿತು. ಮನೆಯಲ್ಲಿ ಕುಳಿತು ಕಟ್ಟುವವರು ನಮ್ಮ ನೌಕರರಲ್ಲ ಎಂದು ಮಾಲಕರು ವಾದಿಸಿದಾಗ, 1985ರಲ್ಲಿ ಸುಪ್ರೀಂ ಕೋರ್ಟು ಅವರಿಗೂ ಪಿ.ಎಫ್. ಸಲ್ಲಬೇಕು ಎಂದಿತು. ಗುರುತು ಚೀಟಿ, ಪಾಸ್‌ಬುಕ್ಕು, ತುಟ್ಟಿಭತ್ಯೆ ಸೇರಿದ ಕನಿಷ್ಠ ಮಜೂರಿ, ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ, ಇವೆಲ್ಲ ಹೀಗೆ ಒಂದೊಂದಾಗಿ ಬಂದವು. ಈ ಸಭೆಯಲ್ಲಿ ಕುಳಿತ ಕೆಲವರ ಮನೆ ಕಟ್ಟಿದ್ದು, ಮಗಳ ಮದುವೆ ಮಾಡಿದ್ದು ಆ ಪಿ.ಎಫ್. ಹಣದಲ್ಲೇ.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು. ಮನೆಯಲ್ಲಿ ಕುಳಿತು ಮಾಡುವ ತುಂಡು ಕೆಲಸ ಒಳ್ಳೆಯದೋ ಕೆಟ್ಟದೋ ಎಂಬುದು ನಾಲ್ಕು ಸಂಗತಿಗಳ ಮೇಲೆ ನಿಲ್ಲುತ್ತದೆ. ದುಡಿದ ಹೊತ್ತಿನ ಲೆಕ್ಕ ಯಾರು ಇಡುತ್ತಾರೆ? ದರದಿಂದ ಯಾರು ಎಷ್ಟು ಹಿಡಿದುಕೊಳ್ಳುತ್ತಾರೆ? ಕೆಲಸ ಸರಿಯಿಲ್ಲ ಎಂದರೆ ಕೇಳುವವರು ಯಾರು? ಇಷ್ಟು ವರ್ಷ ದುಡಿದೆ ಎಂಬ ದಾಖಲೆ ಯಾರ ಕೈಯಲ್ಲಿ ಉಳಿಯುತ್ತದೆ? ಈ ನಾಲ್ಕು ಪ್ರಶ್ನೆಗಳನ್ನು ಹಿಡಿದುಕೊಂಡು ಈಗ ಆನ್‌ಲೈನ್ ಕೆಲಸವನ್ನು ನೋಡೋಣ.

ಆನ್‌ಲೈನ್ ಪ್ಲಾಟ್‌ಫಾರ್ಮ್ ಎಂದರೆ ಕೆಲಸ ಬೇಕಾದವರನ್ನೂ ಕೆಲಸ ಮಾಡುವವರನ್ನೂ ಸೇರಿಸುವ ಒಂದು ಸಂತೆ. ಅಮೆರಿಕದ ಒಬ್ಬ ಅಂಗಡಿಯವನಿಗೆ ಲೋಗೋ ಬೇಕು, ದುಬೈಯ ಕಂಪೆನಿಗೆ ಲೆಕ್ಕ ಬರೆಯಬೇಕು, ಲಂಡನ್ನಿನ ಒಬ್ಬರಿಗೆ ವೆಬ್‌ಸೈಟ್ ಆಗಬೇಕು. ಮೂಡುಬಿದಿರೆಯ ಮಗು ಅದನ್ನು ಮಾಡಿಕೊಡಬಹುದು. ಅಪ್‌ವರ್ಕ್ ಎಂಬುದು ಇಂಥ ದೊಡ್ಡ ಸಂತೆ. ಈಲಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಹಳೆಯ ಕಂಪೆನಿಗಳು ಒಂದಾಗಿ 2015ರಲ್ಲಿ ಆ ಹೆಸರು ಪಡೆದವು. ಫೈವರ್ 2010ರಲ್ಲಿ 5 ಡಾಲರಿನ ಸಣ್ಣ ಕೆಲಸಗಳಿಂದ ಆರಂಭವಾಯಿತು. ಇಲ್ಲಿ ಕೆಲಸ ಮಾಡುವವರನ್ನು ಫ್ರೀಲಾನ್ಸರ್ ಎನ್ನುತ್ತಾರೆ. ಅಂದರೆ ಯಾರ ಸಂಬಳದ ನೌಕರರೂ ಅಲ್ಲದೆ ಕೆಲಸ ಕೆಲಸಕ್ಕೆ ದುಡ್ಡು ಪಡೆಯುವವರು. ಈ ಸಂತೆಗಳಲ್ಲಿ ದುಡಿಯುವವರಲ್ಲಿ ಜಗತ್ತಿನಲ್ಲೇ ಹೆಚ್ಚು ಮಂದಿ ಭಾರತದವರು ಎಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರ ಸೂಚ್ಯಂಕ ತೋರಿಸಿದೆ. ಸ್ವಿಗ್ಗಿ, ಊಬರ್‌ನಂಥ ಆಪ್‌ಗಳಲ್ಲಿ ದುಡಿಯುವವರನ್ನೂ ಸೇರಿಸಿ ನೀತಿ ಆಯೋಗ 2022ರಲ್ಲಿ ಒಂದು ವರದಿ ಕೊಟ್ಟಿತು. ಅದರ ಪ್ರಕಾರ 2020-21ರಲ್ಲಿ ದೇಶದಲ್ಲಿ ಇಂಥ ಕೆಲಸಗಾರರು 77 ಲಕ್ಷ, 2029-30ಕ್ಕೆ 2.35 ಕೋಟಿ ಆಗಬಹುದು. ಆದ್ದರಿಂದ ಇದು ನಾಳೆ ಮಾಯವಾಗುವ ಕೆಲಸವಲ್ಲ. ನಮ್ಮ ಮಕ್ಕಳು ಅಲ್ಲಿಗೆ ಹೋಗಿಯೇ ಹೋಗುತ್ತಾರೆ. ತಿಳಿದು ಹೋಗಲಿ ಎಂಬುದು ನಮ್ಮ ಆಸೆ.

ಮೊದಲನೆಯದು ಹೊತ್ತಿನ ಲೆಕ್ಕ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಂತೆ ಒಂದು ಲೆಕ್ಕ ಹೇಳುತ್ತೇವೆ, ಮಕ್ಕಳು ಬರೆದುಕೊಳ್ಳಿ. ಒಂದು ಕೆಲಸಕ್ಕೆ 5,000 ರೂಪಾಯಿ ಎಂದು ಒಪ್ಪಿಕೊಂಡಿರಿ. ಕೆಲಸ ಮಾಡಲು 20 ಗಂಟೆ ಹಿಡಿಯಿತು. ಗಂಟೆಗೆ 250 ರೂಪಾಯಿ ಎಂದು ಮನೆಯಲ್ಲಿ ಸಂತೋಷಪಡುತ್ತೀರಿ. ಆದರೆ ಈ ಕೆಲಸ ಸಿಗಬೇಕಾದರೆ ಎಷ್ಟೋ ಜಾಹೀರಾತುಗಳನ್ನು ಓದಿ, ಒಂದೊಂದಕ್ಕೂ ಪ್ರಸ್ತಾವ ಬರೆದು, ಉತ್ತರಕ್ಕೆ ಕಾದು, ಮಾದರಿ ತೋರಿಸಿ 10 ಗಂಟೆ ಕಳೆದಿರುತ್ತೀರಿ. ಪ್ಲಾಟ್‌ಫಾರ್ಮ್ ನೂರಕ್ಕೆ 20 ಹಿಡಿದುಕೊಂಡರೆ ಕೈಗೆ ಬರುವುದು 4,000. ಈಗ 4,000ವನ್ನು 30 ಗಂಟೆಯಿಂದ ಭಾಗಿಸಿ. ಗಂಟೆಗೆ 133 ರೂಪಾಯಿ ಚಿಲ್ಲರೆ. ಡಾಲರನ್ನು ರೂಪಾಯಿ ಮಾಡುವಾಗ ಹೋಗುವುದನ್ನೂ ಇಂಟರ್ನೆಟ್, ಕರೆಂಟಿನ ಖರ್ಚನ್ನೂ ಇನ್ನೂ ಕಳೆಯಲಿಲ್ಲ. ಎಲೆ ಕತ್ತರಿಸಿದ ಹೊತ್ತಿಗೆ ಹೇಗೆ ಮಜೂರಿ ಇರಲಿಲ್ಲವೋ ಹಾಗೆಯೇ ಕೆಲಸ ಹುಡುಕಿದ ಹೊತ್ತಿಗೂ ಇಲ್ಲಿ ಮಜೂರಿ ಇಲ್ಲ.

ಎರಡನೆಯದು ಹಿಡಿದುಕೊಳ್ಳುವ ಹಣ. ಫೈವರ್ ಮಾಡುವವರಿಂದ ನೂರಕ್ಕೆ 20 ಹಿಡಿದುಕೊಳ್ಳುತ್ತದೆ. ಅಪ್‌ವರ್ಕ್ 2023ರಲ್ಲಿ ನೂರಕ್ಕೆ 10 ಎಂದು ಮಾಡಿತು. 2025ರಿಂದ ಹೊಸ ಒಪ್ಪಂದಗಳಿಗೆ ಕೆಲಸ ನೋಡಿ ಸೊನ್ನೆಯಿಂದ 15ರವರೆಗೆ ಎಂದು ಬದಲಿಸಿತು. ಕೆಲಸಕ್ಕೆ ಅರ್ಜಿ ಹಾಕಲಿಕ್ಕೂ ಅಲ್ಲಿ ‘ಕನೆಕ್ಟ್ಸ್’ ಎಂಬ ಟೋಕನ್ ಹೆಚ್ಚಾಗಿ ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ. ಕೆಲಸ ಬೇರೆಯವರಿಗೆ ಹೋದರೆ ಟೋಕನ್ ಹೋದಂತೆಯೇ. ಕೊರತೆಯ ಎಲೆಯನ್ನು ಕೈಯಿಂದ ಕೊಂಡ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಬದಲಾಗಿ ಪ್ಲಾಟ್‌ಫಾರ್ಮ್ ಒಂದು ಉಪಕಾರವನ್ನೂ ಮಾಡುತ್ತದೆ. ಗಿರಾಕಿಯಿಂದ ಮೊದಲೇ ಹಣ ಪಡೆದು ತನ್ನಲ್ಲಿ ಇಟ್ಟುಕೊಂಡಿರುತ್ತದೆ, ಕೆಲಸ ಒಪ್ಪಿಗೆಯಾದ ಮೇಲೆ ಬಿಡುಗಡೆ ಮಾಡುತ್ತದೆ. ಗೊತ್ತಿಲ್ಲದ ದೇಶದ ಗೊತ್ತಿಲ್ಲದ ಮನುಷ್ಯನಿಂದ ದುಡ್ಡು ವಸೂಲಿ ಮಾಡುವ ತಲೆನೋವು ಇಲ್ಲ. ಆದರೆ ಒಪ್ಪಿಗೆಯಾದ ನಂತರವೂ ಹಣ ಕೆಲವು ದಿನ ಅಲ್ಲೇ ಕುಳಿತಿರುತ್ತದೆ. ಫೈವರ್‌ನಲ್ಲಿ ಹೊಸಬರಿಗೆ 14 ದಿನ. ಕೂಲಿಯನ್ನು ತಡ ಮಾಡದೆ ಕೊಡಬೇಕೆಂಬುದು ಮದ್ರಸದಲ್ಲೇ ಕಲಿತ ಪಾಠ. ಅದನ್ನು ಕಲಿತ ನಮ್ಮ ಮಕ್ಕಳಿಗೆ ಈ 14 ದಿನ ಉದ್ದ ಅನಿಸಿದರೆ ಆಶ್ಚರ್ಯವಿಲ್ಲ. ಈ ಹಣ ನಂಬಿ ಕಾಲೇಜಿನ ಫೀಸಿನ ಕೊನೆಯ ದಿನಾಂಕ ಕಾಯಬೇಡಿ.

ಮೂರನೆಯದು ತಿರಸ್ಕಾರ. ಇಲ್ಲಿ ಬೀಡಿ ಬದಿಗಿಡುವವನ ಜಾಗದಲ್ಲಿ ಗಿರಾಕಿ ಕೊಡುವ ನಕ್ಷತ್ರಗಳಿವೆ. ಐದು ನಕ್ಷತ್ರ ಬಂದರೆ ಮುಂದಿನ ಕೆಲಸ, ಮೂರು ಬಂದರೆ ಹೆಸರು ಪಟ್ಟಿಯ ಕೆಳಗೆ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದನ್ನು ಕಂಪ್ಯೂಟರಿನ ಒಂದು ಸೂತ್ರ ನಿಶ್ಚಯಿಸುತ್ತದೆ. ಆ ಸೂತ್ರ ಪೂರ್ತಿಯಾಗಿ ಯಾರಿಗೂ ತೋರಿಸುವುದಿಲ್ಲ. ಗಂಟೆ ಲೆಕ್ಕದ ಕೆಲಸವಾದರೆ ಪರದೆಯ ಚಿತ್ರವನ್ನು ಹತ್ತು ನಿಮಿಷಕ್ಕೊಮ್ಮೆ ತೆಗೆದಿಡುವ ವ್ಯವಸ್ಥೆಯೂ ಇದೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಿಶಿಲದ ಕಡೆಯವಳು. ಮಳೆಗಾಲದಲ್ಲಿ ಎರಡು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕೆಲಸ ತಡವಾಯಿತು, ಗಿರಾಕಿ ಕೆಟ್ಟ ರೇಟಿಂಗ್ ಕೊಟ್ಟ. ಘಟ್ಟದ ಬುಡದ ಮಳೆ ಹೇಗಿರುತ್ತದೆ ಎಂದು ಆ ಗಿರಾಕಿಗೆ ಗೊತ್ತಿಲ್ಲ, ಕಂಪ್ಯೂಟರಿಗಂತೂ ಗೊತ್ತೇ ಇಲ್ಲ. ಅವಳು ಬರೆದ ದೂರಿಗೆ ಬಂದದ್ದು ಒಂದೇ ಅಚ್ಚಿನ ಉತ್ತರ. ಬ್ರಾಂಚಿನಲ್ಲಾದರೆ ಉಮ್ಮಂದಿರು ಎದುರು ನಿಂತು ಜಗಳ ಮಾಡುತ್ತಿದ್ದರು, ಯೂನಿಯನಿನವರನ್ನು ಕರೆಯುತ್ತಿದ್ದರು. ಇಲ್ಲಿ ಯಾರ ಎದುರು ನಿಲ್ಲುವುದು?

ನಾಲ್ಕನೆಯದು ದಾಖಲೆ. ಒಂದು ಪ್ಲಾಟ್‌ಫಾರ್ಮಿನಲ್ಲಿ ಐದು ವರ್ಷ ದುಡಿದು ಗಳಿಸಿದ ಒಳ್ಳೆಯ ಹೆಸರು ಇನ್ನೊಂದಕ್ಕೆ ಬರುವುದಿಲ್ಲ. ಅಲ್ಲಿ ಮತ್ತೆ ಒಂದನೇ ತರಗತಿ. ಗಿರಾಕಿಯನ್ನು ನೇರವಾಗಿ ಹೊರಗೆ ಮಾತಾಡಿಸಿ ಹಣ ಪಡೆದರೆ ನಿಯಮ ಮುರಿದಂತೆ, ಖಾತೆಯನ್ನೇ ಮುಚ್ಚಬಹುದು. ಗಲ್ಫಿನಲ್ಲಿ ದುಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಫೀಲನ ಹೆಸರಿನಲ್ಲಿ ಇಖಾಮ ಇದ್ದರೆ ಕೆಲಸ ಎಷ್ಟು ಚೆನ್ನಾಗಿ ಕಲಿತಿದ್ದರೂ ಬೇರೆ ಕಡೆ ಹೋಗುವುದು ಅವನ ಮರ್ಜಿಯಾಗಿತ್ತು. ಇಲ್ಲಿ ಪಾಸ್‌ಪೋರ್ಟು ಮನೆಯಲ್ಲೇ ಇದೆ, ಹೆಸರು ಮಾತ್ರ ಬೇರೆಯವರ ಪೆಟ್ಟಿಗೆಯಲ್ಲಿದೆ.

ಇಷ್ಟು ಹೇಳಿದರೆ ನಾವು ಹೆದರಿಸುತ್ತಿದ್ದೇವೆ ಎಂದು ಭಾವಿಸಬೇಡಿ. ಆನ್‌ಲೈನ್ ಕೆಲಸದಲ್ಲಿ ನಿಜವಾದ ಒಳಿತೂ ಇದೆ. 2019ರಲ್ಲಿ ಆಕ್ಸ್‌ಫರ್ಡಿನ ಅಲೆಕ್ಸ್ ವುಡ್, ಮಾರ್ಕ್ ಗ್ರಹಾಂ ಮತ್ತು ಅವರ ಜೊತೆಗಾರರು ಆಗ್ನೇಯ ಏಷ್ಯಾ ಹಾಗೂ ಆಫ್ರಿಕಾದ ಇಂಥ ಕೆಲಸಗಾರರನ್ನು ಮಾತಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ಹೊತ್ತನ್ನು ತಾವೇ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ, ಬಗೆಬಗೆಯ, ಬುದ್ಧಿಗೆ ಕೆಲಸ ಕೊಡುವ ಕೆಲಸ ಸಿಕ್ಕಿದೆ ಎಂದು ಕೆಲಸಗಾರರು ಹೇಳಿದರು. ಅವರೇ ಇನ್ನೊಂದು ಕಡೆ ಕಡಿಮೆ ದುಡ್ಡು, ಒಂಟಿತನ, ಹೊತ್ತಲ್ಲದ ಹೊತ್ತಿನ ದುಡಿಮೆ, ನಿದ್ದೆಗೇಡನ್ನೂ ಹೇಳಿದರು. ಎರಡೂ ಒಂದೇ ಮರದ ಹಣ್ಣು. ಅಂಗವೈಕಲ್ಯದಿಂದ ಮನೆ ಬಿಟ್ಟು ಹೋಗಲಾರದವರಿಗೆ, ಕೈಗೂಸಿನ ತಾಯಿಗೆ, ಬಸ್ಸು ದಿನಕ್ಕೆರಡೇ ಬರುವ ಹಳ್ಳಿಯವರಿಗೆ ಈ ಕೆಲಸ ಬಾಗಿಲು ತೆರೆದಿದೆ. ಬಂಟ್ವಾಳದ ಹುಡುಗಿ ಬೆಂಗಳೂರಿಗೆ ಹೋಗಿ ಪಿ.ಜಿ.ಗೆ ಬಾಡಿಗೆ ಕಟ್ಟದೆ ಅಲ್ಲಿನ ದರದ ಕೆಲಸ ಮಾಡಬಹುದು. ಬೀಡಿಯ ಧೂಳಿಲ್ಲ, ಕೈಗೆ ಬಂದ ಕೌಶಲ ಕೈಯಲ್ಲೇ ಉಳಿಯುತ್ತದೆ.

ಈ ಕೊನೆಯ ಮಾತು ಮುಖ್ಯ. ಯಾರಿಗೆ ಇದು ಒಳ್ಳೆಯ ಕೆಲಸವಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ನೋಡಿದರೆ ಉತ್ತರ ಬಹುಮಟ್ಟಿಗೆ ಕೌಶಲದಲ್ಲಿದೆ. ಡೇಟಾ ತುಂಬಿಸುವುದು, ಚಿತ್ರದ ಹಿನ್ನೆಲೆ ತೆಗೆಯುವುದು, ಸಾಮಾನ್ಯ ಬರಹ ಬರೆಯುವುದು ಇಂಥ ಕೆಲಸಕ್ಕೆ ಜಗತ್ತಿನ ಎಲ್ಲ ಬಡ ದೇಶಗಳವರೂ ಪೈಪೋಟಿ ನಡೆಸುತ್ತಾರೆ, ದರ ಇಳಿಯುತ್ತಲೇ ಹೋಗುತ್ತದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಬರವಣಿಗೆಯ ಇಂಥ ಕೆಲಸಗಳು ಕಡಿಮೆಯಾದದ್ದನ್ನು ಸಂಶೋಧಕರು ಲೆಕ್ಕಹಾಕಿ ತೋರಿಸಿದ್ದಾರೆ. ಅಕೌಂಟಿಂಗ್, ಪ್ರೋಗ್ರಾಮಿಂಗ್, ಕಟ್ಟಡದ ನಕ್ಷೆ, ವೈದ್ಯಕೀಯ ದಾಖಲೆಯ ಕೋಡಿಂಗ್, ಒಳ್ಳೆಯ ವಿನ್ಯಾಸ, ಇವುಗಳನ್ನು ಆಳವಾಗಿ ಕಲಿತವರು ಗಿರಾಕಿಯೊಡನೆ ದರ ಮಾತಾಡಬಲ್ಲರು. ಅದಕ್ಕೇ ನಾವು ಮಕ್ಕಳಿಗೆ ಒತ್ತಿ ಹೇಳುತ್ತೇವೆ: ಮೊದಲ ವರ್ಷ ಬಂದ ಐದು ಸಾವಿರ ನೋಡಿ ಬಿ.ಕಾಂ. ಬಿಡಬೇಡಿ. ರೇಟಿಂಗ್ ಪ್ಲಾಟ್‌ಫಾರ್ಮಿನದು, ಪದವಿ ನಿಮ್ಮದು.

ಇನ್ನು ಕಾನೂನು. ಬೀಡಿಗೆ ಬಂದ ಹಾಗೆ ಇಲ್ಲಿಗೂ ಕಾನೂನು ಬರತೊಡಗಿದೆ. ರಾಜಸ್ಥಾನ 2023ರಲ್ಲಿ ಮೊದಲು ಮಾಡಿತು. ನಮ್ಮ ಕರ್ನಾಟಕ 2025ರ ಮೇ ತಿಂಗಳಿನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆಯನ್ನು ಜಾರಿ ಮಾಡಿತು. ಕೆಲಸಗಾರರಿಗೆ ಕೊಡುವ ಹಣದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿ ಕಟ್ಟಬೇಕು. ಖಾತೆ ಮುಚ್ಚುವ ಮೊದಲು ಕಾರಣ ಬರೆದು 14 ದಿನದ ನೋಟಿಸು ಕೊಡಬೇಕು. ಕಂಪ್ಯೂಟರಿನ ಸೂತ್ರ ಕೆಲಸಗಾರನ ಮೇಲೆ ಹೇಗೆ ಪರಿಣಾಮ ಮಾಡುತ್ತದೆ ಎಂದು ತಿಳಿಸಬೇಕು. ಗಿಗ್ ಕಾರ್ಮಿಕ ಯಾರು ಎಂದು ಹೇಳುವಲ್ಲಿ ತುಂಡು ದರದ ಕೆಲಸವೂ ಸೇರುತ್ತದೆ ಎಂದು ಕಾಯ್ದೆ ಹೇಳುತ್ತದೆ. ಬೀಡಿಯ ಊರಿನವರಾದ ನಮಗೆ ಆ ಮಾತು ಓದಿದಾಗ ಹತ್ತಿರದ್ದು ಅನಿಸಿತು. 2025ರ ನವೆಂಬರ್ 21ರಿಂದ ಜಾರಿಯಾದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಪ್ಲಾಟ್‌ಫಾರ್ಮ್ ಕೆಲಸಗಾರರ ಹೆಸರಿದೆ. ಟ್ಯಾಕ್ಸಿ, ಆಹಾರ ವಿತರಣೆಯ ಜೊತೆ ವೃತ್ತಿಪರ ಸೇವೆ, ಮಾಧ್ಯಮ ಸೇವೆಗಳೂ ಅದರ ಪಟ್ಟಿಯಲ್ಲಿವೆ.

ಆದರೆ ಚರ್ಚೆ ನಡೆದದ್ದು ಹೆಚ್ಚಾಗಿ ಬೆಂಗಳೂರಿನ ಬೈಕ್ ಸವಾರರನ್ನು ಕುರಿತು. ಅವರು ರಸ್ತೆಯಲ್ಲಿ ಕಾಣುತ್ತಾರೆ, ಒಟ್ಟಾಗಿ ನಿಂತು ಕೇಳುತ್ತಾರೆ. ವಿಟ್ಲದ ಮನೆಯ ಒಳಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ವಿದೇಶದ ಗಿರಾಕಿಗೆ ಕೆಲಸ ಮಾಡುವ ಹುಡುಗಿ ಯಾರಿಗೂ ಕಾಣುವುದಿಲ್ಲ. ಬೀಡಿ ಕಾರ್ಮಿಕರಿಗೆ 1966ರಿಂದ 1985ರವರೆಗೆ ಹತ್ತೊಂಬತ್ತು ವರ್ಷ ಹಿಡಿಯಿತು. ಮನೆಯಲ್ಲಿ ಕುಳಿತವರೂ ಕಾರ್ಮಿಕರೇ ಎಂದು ಒಪ್ಪಿಸಲು ಯೂನಿಯನ್ನುಗಳು, ವಕೀಲರು, ನ್ಯಾಯಾಲಯ ಎಲ್ಲ ಬೇಕಾಯಿತು. ಫ್ರೀಲಾನ್ಸರ್‌ಗಳಿಗೂ ಅಷ್ಟು ಸುಲಭವಾಗಿ ಆಗದು. ಅಲ್ಲಿಯವರೆಗೆ ಮನೆಯವರೂ ನಮ್ಮಂಥ ಟ್ರಸ್ಟುಗಳೂ ಮಾಡಬಹುದಾದದ್ದು ಏನು ಎಂಬುದೇ ಇಂದಿನ ಮಾತು.

ಅದಕ್ಕೆ ಮುಂಚೆ ಮೋಸದ ಬಗ್ಗೆ ಎರಡು ಮಾತು, ಏಕೆಂದರೆ ತಾಯಂದಿರ ಪ್ರಶ್ನೆಯ ಅರ್ಧ ಅದೇ. ಟೆಲಿಗ್ರಾಮಿನಲ್ಲಿ, ವಾಟ್ಸಾಪಿನಲ್ಲಿ ‘ಮನೆಯಿಂದಲೇ ಪಾರ್ಟ್‌ಟೈಮ್ ಕೆಲಸ, ವಿಡಿಯೊಗೆ ಲೈಕ್ ಕೊಟ್ಟರೆ ದುಡ್ಡು’ ಎಂದು ಬಂದರೆ ಅದು ಕೆಲಸವೇ ಅಲ್ಲ. ಮೊದಲು ನೂರೋ ಇನ್ನೂರೋ ಹಾಕುತ್ತಾರೆ, ಆಮೇಲೆ ನೀವೇ ಸಾವಿರಗಟ್ಟಲೆ ಹಾಕುವಂತೆ ಮಾಡುತ್ತಾರೆ. ಕೆಲಸಕ್ಕೆ ಸೇರಲು ಡೆಪಾಸಿಟ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಬ್ಯಾಂಕ್ ಖಾತೆಯನ್ನು ‘ಕಮಿಷನ್‌ಗೆ’ ಬಳಸಲು ಕೊಡಿ ಎಂದರೆ ಅದರಷ್ಟು ಅಪಾಯ ಬೇರೆ ಇಲ್ಲ. ಯಾರದೋ ಕದ್ದ ಹಣ ನಿಮ್ಮ ಮಗನ ಖಾತೆಗೆ ಬಂದು, ಪೊಲೀಸರು ಬರುವುದು ನಿಮ್ಮ ಮನೆಗೆ. ಪರಿಶೀಲನೆಯಾದ ಪ್ರೊಫೈಲನ್ನು ಬಾಡಿಗೆಗೆ ಕೊಡುವುದೂ ಕೊಳ್ಳುವುದೂ ಬೇಡ. ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ಆ ಗಂಟೆಯಲ್ಲೇ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟು ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನು ಮನೆಯವರಲ್ಲಿ ನಮ್ಮ ವಿನಂತಿ. ಮಗಳೋ ಸೊಸೆಯೋ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದರೆ ಅದು ಕೆಲಸ ಎಂದು ಒಪ್ಪಿಕೊಳ್ಳಿ. ಬೀಡಿ ಕಟ್ಟಿದ ಉಮ್ಮನಿಗೆ ಹೇಳಿದ ಮಾತನ್ನು ಇವಳಿಗೂ ಹೇಳಬೇಡಿ. ರಾತ್ರಿ ಎರಡರವರೆಗೆ ದುಡಿದವಳನ್ನು ಸುಬಹಿಗೆ ಎಬ್ಬಿಸಿ, ಆಮೇಲೆ ಅಡುಗೆ ಮನೆಗೂ ಕಳಿಸಿ, ಕಾಲೇಜಿಗೂ ಕಳಿಸಿದರೆ ಅವಳ ಆರೋಗ್ಯ ಹೇಗೆ ಉಳಿದೀತು? ಮನೆಯ ಉಳಿದವರು ಒಂದಿಷ್ಟು ಕೆಲಸ ಹಂಚಿಕೊಳ್ಳಿ. ಅವಳ ದುಡ್ಡು ಅವಳ ಖಾತೆಗೇ ಬರಲಿ. ಬ್ಯಾಂಕ್ ವಿವರ, ಒಪ್ಪಂದ, ಗಿರಾಕಿಯ ಸಂದೇಶ ಎಲ್ಲವನ್ನೂ ತೆಗೆದಿಡಲಿ. ಮುಂದೆ ಸಾಲಕ್ಕೋ ಕೆಲಸಕ್ಕೋ ತೋರಿಸಲು ಅದೇ ಅವಳ ಪಾಸ್‌ಬುಕ್ಕು. 16 ವರ್ಷ ತುಂಬಿದವರು ಇ-ಶ್ರಮ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಲಿ. ಅದಕ್ಕೆ ಶುಲ್ಕವಿಲ್ಲ.

ಈಗ ದಾನಿಗಳ ಪ್ರಶ್ನೆ. ಲ್ಯಾಪ್‌ಟಾಪ್ ಕೊಡಬೇಕೇ ಎಂಬ ಬಗ್ಗೆ ಸಮಿತಿಯಲ್ಲಿ ಸಾಕಷ್ಟು ಚರ್ಚೆಯಾಯಿತು. ಕೊಡಬೇಕು ಎಂಬುದು ನಮ್ಮ ತೀರ್ಮಾನ, ಆದರೆ ಕೆಲವು ಷರತ್ತುಗಳೊಡನೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮನೆಯವರು ಇವನ್ನು ಗಮನವಿಟ್ಟು ಓದಬೇಕು.

ಒಂದು, ಲ್ಯಾಪ್‌ಟಾಪ್ ನೆರವು ಪಡೆದವರು ಪದವಿಯನ್ನೋ ಡಿಪ್ಲೊಮಾವನ್ನೋ ಮುಗಿಸಬೇಕು. ವರ್ಷಕ್ಕೊಮ್ಮೆ ಅಂಕಪಟ್ಟಿಯ ಪ್ರತಿ ಕೊಟ್ಟರೆ ಸಾಕು.

ಎರಡು, ಆನ್‌ಲೈನ್ ಕೆಲಸಕ್ಕೆ ಎಂದು ಕೇಳುವವರು ಯಾವ ಕೌಶಲ ಕಲಿಯುತ್ತಿದ್ದಾರೆ, ಎಲ್ಲಿ ಕಲಿಯುತ್ತಿದ್ದಾರೆ ಎಂದು ಬರೆಯಬೇಕು. ‘ಡೇಟಾ ಎಂಟ್ರಿ’ ಎಂದಷ್ಟೇ ಬರೆದರೆ ಸಮಿತಿ ಕರೆದು ಮಾತಾಡುತ್ತದೆ. ನಿರಾಕರಿಸಲಿಕ್ಕಲ್ಲ, ಇನ್ನೂ ಒಂದು ಮೆಟ್ಟಿಲು ಮೇಲಿನದನ್ನು ಕಲಿಯಲು ದಾರಿ ಹೇಳಲಿಕ್ಕೆ.

ಮೂರು, ಕೆಲಸ ಆರಂಭಿಸಿದವರು ಆರು ತಿಂಗಳು ಒಂದು ಪುಸ್ತಕದಲ್ಲಿ ಲೆಕ್ಕ ಬರೆದಿಡಬೇಕು: ಎಷ್ಟು ಗಂಟೆ ಹುಡುಕಿದೆ, ಎಷ್ಟು ಗಂಟೆ ದುಡಿದೆ, ಎಷ್ಟು ಹಿಡಿದುಕೊಂಡರು, ಕೈಗೆ ಎಷ್ಟು ಬಂತು. ಈ ಪುಸ್ತಕ ನಮಗೆ ಒಪ್ಪಿಸಲಿಕ್ಕಲ್ಲ, ನಿಮಗೇ ಗೊತ್ತಾಗಲಿಕ್ಕೆ. ಗಂಟೆಯ ಆದಾಯ ಊರಿನ ಅಂಗಡಿಯ ಕೆಲಸಕ್ಕಿಂತ ಕಡಿಮೆ ಎಂದು ಕಂಡರೆ ಆ ಕೆಲಸ ಬಿಡುವ ಧೈರ್ಯ ಆ ಪುಸ್ತಕದಿಂದಲೇ ಬರುತ್ತದೆ.

ದಾನಿಗಳಲ್ಲಿ ಇನ್ನೊಂದು ಬೇಡಿಕೆ. ಲ್ಯಾಪ್‌ಟಾಪ್ ಒಂದೇ ಸಾಲದು. ಮೂರು ತಾಲೂಕುಗಳಲ್ಲಿ ಒಂದೊಂದು ಕಡೆಯಾದರೂ ಒಳ್ಳೆಯ ಇಂಟರ್ನೆಟ್, ಕರೆಂಟು ಹೋದರೂ ನಡೆಯುವ ಇನ್ವರ್ಟರ್, ನಾಲ್ಕಾರು ಮೇಜು ಇರುವ ಒಂದು ಕೋಣೆ ಬೇಕು. ಹುಡುಗಿಯರಿಗೆ ಅನುಕೂಲವಾಗುವ ಸಮಯವಿರಲಿ. ಅಲ್ಲಿ ಕೆಲಸ ಮಾಡುವವರು ಒಬ್ಬರನ್ನೊಬ್ಬರು ನೋಡುತ್ತಾರೆ. ಯಾವ ಗಿರಾಕಿ ದುಡ್ಡು ಕೊಡದೆ ಸತಾಯಿಸಿದ, ಯಾವ ಕೆಲಸಕ್ಕೆ ಎಷ್ಟು ದರ ಕೇಳಬೇಕು ಎಂದು ಮಾತಾಡಿಕೊಳ್ಳುತ್ತಾರೆ. ಬೀಡಿ ಬ್ರಾಂಚಿನ ಸರತಿಯಲ್ಲಿ ನಿಂತ ಹೆಂಗಸರು ಮಾತಾಡಿಕೊಂಡೇ ತಮ್ಮ ಹಕ್ಕನ್ನು ತಿಳಿದದ್ದು. ಮನೆಯ ಒಳಕೋಣೆಯಲ್ಲಿ ಒಂಟಿಯಾಗಿ ಕುಳಿತವರಿಗೆ ಆ ಸರತಿಯೂ ಇಲ್ಲ. ದುಡಿದು ಮೇಲೆ ಬಂದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಎರಡು ಗಂಟೆ ಇಂಥ ಕೋಣೆಗೆ ಬಂದು ಕಿರಿಯರಿಗೆ ಹೇಳಿಕೊಟ್ಟರೆ ಅದು ಹಣಕ್ಕಿಂತ ದೊಡ್ಡ ದಾನ.

ವಿದ್ಯಾರ್ಥಿಗಳೇ, ನಿಮ್ಮ ಹಿರಿಯರಲ್ಲಿ ಅನೇಕರು ಬೀಡಿ ಕಟ್ಟಿ, ಗಲ್ಫಿನಲ್ಲಿ ಬೆವರು ಸುರಿಸಿ ಕಳಿಸಿದ ದುಡ್ಡು ಇಂದು ನಿಮ್ಮ ಕೈಗೆ ಚೆಕ್ಕಾಗಿ ಬರುತ್ತಿದೆ. ಆನ್‌ಲೈನ್ ಕೆಲಸಕ್ಕೆ ಹೋಗುವವರು ಹೋಗಿ. ಒಪ್ಪಂದ ಓದದೆ ಒಪ್ಪಿಗೆಯ ಬಟನ್ ಒತ್ತಬೇಡಿ, ಲೆಕ್ಕ ಬರೆಯದೆ ದುಡಿಯಬೇಡಿ, ಪರೀಕ್ಷೆಯ ಹಿಂದಿನ ರಾತ್ರಿ ಗಿರಾಕಿಯ ಕೆಲಸ ಹಿಡಿಯಬೇಡಿ. ಹೊಸ ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ. ತುಂಬಲು ಕಷ್ಟವಾದವರು ಸಮಿತಿಯ ಸದಸ್ಯರನ್ನು ಕೇಳಿ. ಅರ್ಜಿ ತುಂಬಿಸಿಕೊಡಲು ನಾವು ಯಾರಿಂದಲೂ ದುಡ್ಡು ಪಡೆಯುವುದಿಲ್ಲ, ಯಾರಾದರೂ ಕೇಳಿದರೆ ನಮಗೆ ತಿಳಿಸಿ.